ದಿಜೋನಿನ ಮರಳ ಕೊಳವೆ: ಗೆರೆ ಬಾಗಿಸಿದ್ದು ಜಡತ್ವವೇ?

ಮರಳಿನಂಥ ಪದರದ ಮೂಲಕ ಎಷ್ಟು ನೀರು ಹರಿಯುತ್ತದೆ ಎಂದು ಹೇಳುವ ಡಾರ್ಸಿ ನಿಯಮ ಓದಿದವರಿಗೆಲ್ಲ ಒಂದು ನೇರ ಗೆರೆ ನೆನಪಿರುತ್ತದೆ. ಮರಳಿನ ಮೇಲಿನ ಒತ್ತಡ ಎರಡು ಪಟ್ಟಾದರೆ ಹರಿವೂ ಎರಡು ಪಟ್ಟು, ಮೂರು ಪಟ್ಟಾದರೆ ಹರಿವೂ ಮೂರು ಪಟ್ಟು. ಆದರೆ ಆ ನಿಯಮ ಹುಟ್ಟಿದ ಮೂಲ ಕೋಷ್ಟಕವನ್ನು ಎದುರಿಗಿಟ್ಟುಕೊಂಡು ನೋಡಿ. ಮೊದಲ ಸರಣಿಯಲ್ಲೇ ಗೆರೆ ನೇರವಾಗಿಲ್ಲ, ಮೆಲ್ಲಗೆ ಬಾಗಿದೆ. ಹರಿವು ಜಾಸ್ತಿ ಆದಂತೆ, ಕೊಟ್ಟ ಒತ್ತಡಕ್ಕೆ ಸಿಗುವ ನೀರು ಕಡಿಮೆಯಾಗುತ್ತಾ ಹೋಗಿದೆ. ಮರಳಿನ ಸಂದಿಗಳಲ್ಲಿ ನುಗ್ಗುವ ನೀರಿನ ಜಡತ್ವ ಮಾಡುವ ಕೆಲಸವೂ ಸರಿಯಾಗಿ ಇದೇ. ಹಾಗಾದರೆ ಡಾರ್ಸಿಯ ಕೊಳವೆಯಲ್ಲೇ ಜಡತ್ವ ಸಿಕ್ಕಿಬಿದ್ದಿತ್ತಾ? ಈ ಪ್ರಕರಣ ಅದರ ವಿಚಾರಣೆ.

ಜಾಗ ಫ್ರಾನ್ಸಿನ ದಿಜೋನ್ ಊರಿನ ಆಸ್ಪತ್ರೆ. ಕಾಲ 1855ರ ಅಕ್ಟೋಬರ್ 29, 30 ಮತ್ತು ನವೆಂಬರ್ 2. ಹೆನ್ರಿ ಡಾರ್ಸಿ ಅದೇ ಊರಲ್ಲಿ 1803ರಲ್ಲಿ ಹುಟ್ಟಿದ ಎಂಜಿನಿಯರ್. 1840ರಲ್ಲಿ ರೊಜ್ವಾರ್ ಚಿಲುಮೆಯ ನೀರನ್ನು ಹನ್ನೆರಡು ಕಿಲೋಮೀಟರಿಗೂ ಹೆಚ್ಚು ದೂರದಿಂದ, ಪಂಪಿಲ್ಲದೆ ಬರೀ ಇಳಿಜಾರಿನ ಬಲದಲ್ಲಿ ಊರಿಗೆ ತಂದು ಹೆಸರು ಮಾಡಿದ್ದ. ಊರಿನ ನೀರು ಪೂರೈಕೆ ಬಗ್ಗೆ ದೊಡ್ಡ ವರದಿ ಬರೆಯುವಾಗ ಅವನಿಗೆ ಒಂದು ಲೆಕ್ಕ ಬೇಕಾಯಿತು. ಇಷ್ಟು ದಪ್ಪದ ಮರಳಿನ ಶೋಧಕ ಹಾಕಿದರೆ ಎಷ್ಟು ನೀರು ಇಳಿಯುತ್ತದೆ? ಆ ಪ್ರಶ್ನೆಗಾಗಿ ನಡೆದ ಪ್ರಯೋಗ ಇದು. ಫಲಿತಾಂಶ 1856ರ ವರದಿಯ ಕೊನೆಯಲ್ಲಿ, ಒಂದು ಟಿಪ್ಪಣಿಯಾಗಿ ಅಚ್ಚಾಯಿತು. ಅಂತರ್ಜಲ ವಿಜ್ಞಾನದ ತಳಪಾಯ ಒಂದು ಅನುಬಂಧದಲ್ಲಿದೆ ಅನ್ನೋದು ನನಗೆ ಯಾವಾಗಲೂ ಖುಷಿ ಕೊಡುವ ವಿಷಯ.

ಉಪಕರಣ ಸರಳ. ನೆಟ್ಟಗೆ ನಿಲ್ಲಿಸಿದ ಲೋಹದ ಕೊಳವೆ, ಒಳವ್ಯಾಸ 35 ಸೆಂಟಿಮೀಟರ್. ತಳದ ಹತ್ತಿರ ಜಾಲರಿ, ಅದರ ಮೇಲೆ ಸೋನ್ ನದಿಯ ಮರಳು. ಮೇಲಿನಿಂದ ಆಸ್ಪತ್ರೆಯ ನಲ್ಲಿ ನೀರು. ಒತ್ತಡ ಅಳೆಯಲು ಪಾದರಸದ ಮಾನೋಮೀಟರ್. ಕೆಳಗೆ ಬಂದ ನೀರನ್ನು ತೊಟ್ಟಿಯಲ್ಲಿ ಹಿಡಿದು ನಿಮಿಷಕ್ಕೆ ಎಷ್ಟು ಲೀಟರ್ ಎಂದು ಲೆಕ್ಕ ಹಾಕುವುದು. ಮರಳು ಒಂದೇ ಗಾತ್ರದ್ದಲ್ಲ. ನೂರರಲ್ಲಿ 58 ಪಾಲು 0.77 ಮಿಲಿಮೀಟರ್ ಜರಡಿಯಲ್ಲಿ ಇಳಿಯುವಂಥದ್ದು, 13 ಪಾಲು 1.10ರಲ್ಲಿ, 12 ಪಾಲು 2 ಮಿಲಿಮೀಟರಿನಲ್ಲಿ. ಉಳಿದ 17 ಪಾಲು ಸಣ್ಣ ಜಲ್ಲಿ, ಚಿಪ್ಪಿನ ಚೂರು ಇತ್ಯಾದಿ. ಮರಳಿನ ನಡುವಿನ ಖಾಲಿ ಜಾಗ ಒಟ್ಟು ಗಾತ್ರದ ಸುಮಾರು ಶೇ. 38.

ಇನ್ನು ಅನುಮಾನ ಹುಟ್ಟಿಸುವ ಅಂಕಿಗಳು. ಮೊದಲ ಸರಣಿಯಲ್ಲಿ ಮರಳಿನ ಎತ್ತರ 0.58 ಮೀಟರ್. 1.11 ಮೀಟರ್ ನೀರಿನ ಒತ್ತಡಕ್ಕೆ (ಅಂದರೆ ಅಷ್ಟು ಎತ್ತರದ ನೀರಿನ ಕಂಬ ಹಾಕುವ ಒತ್ತಡಕ್ಕೆ) ನಿಮಿಷಕ್ಕೆ 3.60 ಲೀಟರ್ ಬಂತು. 2.36 ಮೀಟರಿಗೆ 7.65 ಲೀಟರ್. 4 ಮೀಟರಿಗೆ 12. ಹೀಗೆ ಹತ್ತು ಸಾಲು ಏರುತ್ತಾ ಹೋಗಿ, ಕೊನೆಯಲ್ಲಿ 10.89 ಮೀಟರಿಗೆ 29.40 ಲೀಟರ್. ಈಗ ಒಂದು ಮೀಟರ್ ಒತ್ತಡಕ್ಕೆ ಎಷ್ಟು ಲೀಟರ್ ಸಿಕ್ಕಿತು ಅಂತ ಭಾಗಿಸಿ ನೋಡಿ. ಮೊದಲ ಎರಡು ಸಾಲಿನಲ್ಲಿ 3.24. ಮೂರನೆಯದರಲ್ಲಿ 3.00. ನಡುವೆ 2.9ರ ಆಸುಪಾಸು. ಕೊನೆಗೆ 2.70. ಒಟ್ಟು ಶೇ. 17ರಷ್ಟು ಇಳಿತ. ನಿಯಮ ಅಕ್ಷರಶಃ ನಿಜವಾಗಿದ್ದರೆ ಹತ್ತೂ ಸಾಲಿನಲ್ಲಿ ಒಂದೇ ಅಂಕಿ ಬರಬೇಕಿತ್ತು.

ಮೊದಲ ಆರೋಪಿ ಜಡತ್ವ. ಆರೋಪಪಟ್ಟಿ ಬರೆದವನು ಆಸ್ಟ್ರಿಯದ ಎಂಜಿನಿಯರ್ ಫಿಲಿಪ್ ಫೋರ್ಶ್‌ಹೈಮರ್, 1901ರಲ್ಲಿ. ನೀರು ಜೋರಾಗಿ ಹರಿಯುವಾಗ ಡಾರ್ಸಿಯ ಒಂದೇ ಪದ ಸಾಲದು, ವೇಗದ ವರ್ಗದ ಇನ್ನೊಂದು ಪದ ಸೇರಿಸಬೇಕು ಎಂದ. ಅಂದರೆ:

ಒತ್ತಡ = ಅ × ಹರಿವು + ಬ × ಹರಿವಿನ ವರ್ಗ

ಮೊದಲ ಪದ ಸ್ನಿಗ್ಧತೆಯದ್ದು. ನೀರು ಮರಳಿನ ಕಣಕ್ಕೆ ಅಂಟಿ, ಪದರ ಪದರವಾಗಿ ಉಜ್ಜಿಕೊಂಡು ಹೋಗುವಾಗ ಕಳೆದುಕೊಳ್ಳುವ ಒತ್ತಡ. ಎರಡನೆಯದು ಜಡತ್ವದ್ದು. ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಒಂದೇ ಅಗಲದ ನೇರ ಕೊಳವೆಯಲ್ಲಿ ನೀರು ಒಂದೇ ಸಮನೆ, ಪದರ ಕೆಡದೆ ಹರಿಯುತ್ತಿದ್ದರೆ ಜಡತ್ವಕ್ಕೆ ಅಲ್ಲಿ ಕೆಲಸವೇ ಇಲ್ಲ. ಯಾವ ಹನಿಯೂ ವೇಗ ಬದಲಿಸುವುದಿಲ್ಲ, ದಿಕ್ಕೂ ಬದಲಿಸುವುದಿಲ್ಲ. ಮರಳಿನಲ್ಲಿ ಹಾಗಲ್ಲ. ಎರಡು ಕಣಗಳ ನಡುವೆ ಇಕ್ಕಟ್ಟಾದ ಕುತ್ತಿಗೆ, ಅದು ದಾಟಿದ ಕೂಡಲೇ ಅಗಲವಾದ ಹೊಟ್ಟೆ, ಮುಂದೆ ಇನ್ನೊಂದು ಕಣ ಅಡ್ಡ, ಅಲ್ಲಿ ಮತ್ತೆ ತಿರುವು. ಕುತ್ತಿಗೆಯಲ್ಲಿ ನೀರು ಓಡಬೇಕು, ಹೊಟ್ಟೆಯಲ್ಲಿ ನಿಧಾನಿಸಬೇಕು. ತೀರಾ ಮೆಲ್ಲಗೆ ಹರಿಯುವಾಗ ನೀರು ಎಷ್ಟು ನಾಜೂಕಾಗಿ ಒಳಗೆ ಕೂಡಿಕೊಂಡಿತೋ ಅಷ್ಟೇ ನಾಜೂಕಾಗಿ ಆಚೆ ಹರಡಿಕೊಳ್ಳುತ್ತದೆ. ಹೋಗುವ ದಾರಿ, ಬರುವ ದಾರಿ ಎರಡೂ ಒಂದೇ ಆಕಾರ. ವೇಗ ಏರಿದರೆ ಕಥೆ ಬೇರೆ. ಕುತ್ತಿಗೆಯಿಂದ ಹೊರಟ ನೀರು ಹರಡಿಕೊಳ್ಳಲು ಪುರುಸೊತ್ತಿಲ್ಲದೆ ನೇರವಾಗಿ ಚಿಮ್ಮುತ್ತದೆ. ಘಾಟಿಯಲ್ಲಿ ಜೋರಾಗಿ ಬಂದ ಬಸ್ಸು ತಿರುವಿನಲ್ಲಿ ಹೊರಗೆ ವಾಲುವ ಹಾಗೆ, ನೀರಿನ ಎಳೆಗಳು ತಿರುವಿನ ಹೊರಬದಿಗೆ ಒತ್ತಿಕೊಳ್ಳುತ್ತವೆ. ಕಣದ ಹಿಂದುಗಡೆ ಒಂದು ಪುಟ್ಟ ಸುಳಿ ಕೂತುಕೊಳ್ಳುತ್ತದೆ. ಆ ಸುಳಿ ಮುಂದಕ್ಕೆ ನೀರು ಸಾಗಿಸುವುದಿಲ್ಲ, ಆದರೆ ಜಾಗ ತಿನ್ನುತ್ತದೆ. ಓಡಲು ಖರ್ಚಾದ ಒತ್ತಡ ನಿಧಾನಿಸುವಾಗ ಪೂರ್ತಿ ವಾಪಸ್ ಬರುವುದಿಲ್ಲ. ಈ ನಷ್ಟ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ.

ಇಲ್ಲಿ ತುಂಬಾ ಜನ ಒಂದು ಕಡೆ ಜಾರುತ್ತಾರೆ. ವರ್ಗದ ಪದ ಕಂಡ ಕೂಡಲೇ ಪ್ರಕ್ಷುಬ್ಧ ಹರಿವು, ಅಂದರೆ ಪದರ ಕೆಟ್ಟು ಅಡ್ಡಾದಿಡ್ಡಿ ಕಲಕುವ ಹರಿವು, ಅಂದುಬಿಡುತ್ತಾರೆ. ಅಲ್ಲ. ಮೇಲೆ ಹೇಳಿದ ಸುಳಿ ಅಲುಗಾಡದೆ ಒಂದೇ ಜಾಗದಲ್ಲಿ ಇರುತ್ತದೆ. ನೀರು ಇನ್ನೂ ಶಿಸ್ತಾಗಿ, ಪದರ ಪದರವಾಗಿಯೇ ಹೋಗುತ್ತಿರುತ್ತದೆ. ಸ್ನಿಗ್ಧತೆಯ ಎದುರು ಜಡತ್ವ ಎಷ್ಟು ಬಲವಾಗಿದೆ ಎಂದು ತೋರಿಸುವ ಅಂಕಿಗೆ ರೆನಾಲ್ಡ್ಸ್ ಸಂಖ್ಯೆ ಅಂತ ಹೆಸರು. ಕಣದ ಗಾತ್ರ ಹಿಡಿದು ಲೆಕ್ಕ ಹಾಕಿದ ಈ ಸಂಖ್ಯೆ 1ರಿಂದ 10ರ ನಡುವೆ ಬಂದಾಗಲೇ ಡಾರ್ಸಿ ನಿಯಮ ಸಡಿಲವಾಗುತ್ತದೆ. ನಿಜವಾದ ಪ್ರಕ್ಷುಬ್ಧತೆಗೆ ಅದು ನೂರುಗಳಲ್ಲಿ ಇರಬೇಕು. ನಡುವಿನ ಇಡೀ ಪ್ರದೇಶ ಜಡತ್ವದ ರಾಜ್ಯ. ಇನ್ನೊಂದು ಸೂಕ್ಷ್ಮ: ಜಡತ್ವ ಶುರುವಾಗುವ ಹೊಸ್ತಿಲಲ್ಲಿ ಮೊದಲು ಬರುವ ತಿದ್ದುಪಡಿ ವರ್ಗದ್ದಲ್ಲ, ವೇಗದ ಘನದ್ದು ಎಂದು ಮೆಯ್ ಮತ್ತು ಓರಿಯೋ 1991ರಲ್ಲಿ ಗಣಿತದಿಂದ ತೋರಿಸಿದರು. ಆದರೆ ಅದು ಎಷ್ಟು ಸಣ್ಣದೆಂದರೆ ಪಾದರಸದ ಮಾನೋಮೀಟರಿನಲ್ಲಿ ಹುಡುಕುವ ಆಸೆ ಬಿಡಬೇಕು.

ಸರಿ, ಡಾರ್ಸಿಯ ಅಂಕಿಗಳಿಗೆ ಫೋರ್ಶ್‌ಹೈಮರ್ ಸೂತ್ರ ತೊಡಿಸಿ ನೋಡೋಣ. ಒತ್ತಡವನ್ನು ಹರಿವಿನಿಂದ ಭಾಗಿಸಿ, ಅದನ್ನು ಹರಿವಿನ ಎದುರು ಗುರುತು ಹಾಕಿದರೆ ಏರುವ ಗೆರೆ ಬರಬೇಕು. ಬರುತ್ತದೆ. ಚುಕ್ಕೆಗಳು ಅಲ್ಲಿ ಇಲ್ಲಿ ಚೆದುರಿದರೂ ಮೊದಲ ಮತ್ತು ಕೊನೆಯ ಸಾಲನ್ನು ಹಿಡಿದರೆ ಅ ಬೆಲೆ ಸುಮಾರು 0.30, ಬ ಬೆಲೆ 0.0024. ಅಂದರೆ ಕೊನೆಯ ಸಾಲಿನ 10.89 ಮೀಟರಿನಲ್ಲಿ ಸುಮಾರು 2 ಮೀಟರ್ ವರ್ಗದ ಪದಕ್ಕೆ ಹೋಯಿತು. ಹತ್ತಿರ ಹತ್ತಿರ ಐದನೇ ಒಂದು ಪಾಲು. ಇಲ್ಲಿಗೆ ನಿಲ್ಲಿಸಿದ್ದರೆ ಚಂದದ ಕಥೆ. ಡಾರ್ಸಿಯ ಮೊದಲ ಸರಣಿಯಲ್ಲೇ ಫೋರ್ಶ್‌ಹೈಮರ್ ಅಡಗಿದ್ದ ಅಂತ ಬರೆದು ಮುಗಿಸಬಹುದಿತ್ತು.

ಆದರೆ ಲೆಕ್ಕ ಒಪ್ಪುವುದಿಲ್ಲ. ಕೊಳವೆಯ ಅಡ್ಡಕೊಯ್ತ 0.0962 ಚದರ ಮೀಟರ್. ನಿಮಿಷಕ್ಕೆ 29.4 ಲೀಟರ್ ಅಂದರೆ ಸೆಕೆಂಡಿಗೆ ಬರೀ 5 ಮಿಲಿಮೀಟರ್ ವೇಗ. ನೀರು 10 ಡಿಗ್ರಿ ಸೆಲ್ಸಿಯಸ್ ಅಂದುಕೊಳ್ಳಿ. ಕಣದ ಗಾತ್ರಕ್ಕೆ 0.77 ಮಿಲಿಮೀಟರ್ ಹಾಕಿದರೆ ರೆನಾಲ್ಡ್ಸ್ ಸಂಖ್ಯೆ 3. ಆದರೆ ಬೇರೆ ಬೇರೆ ಗಾತ್ರ ಬೆರೆತ ಮರಳಿನಲ್ಲಿ ಹರಿವನ್ನು ಹಿಡಿದಿಡುವುದು ಸಣ್ಣ ಕಣಗಳೇ. ಮರಳು ನೀರು ಬಿಟ್ಟುಕೊಟ್ಟ ಪ್ರಮಾಣದಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಗಾತ್ರ 0.23 ಮಿಲಿಮೀಟರ್ ಬರುತ್ತದೆ. ಆಗ ರೆನಾಲ್ಡ್ಸ್ ಸಂಖ್ಯೆ 1ಕ್ಕೂ ಸ್ವಲ್ಪ ಕಡಿಮೆ. ಕಣಗಳನ್ನು ತುಂಬಿದ ಕೊಳವೆಗೆ ಸಬ್ರಿ ಎರ್ಗುನ್ 1952ರಲ್ಲಿ ಕೊಟ್ಟ ಸಮೀಕರಣ ರಾಸಾಯನಿಕ ಎಂಜಿನಿಯರುಗಳಿಗೆ ಬಾಯಿಪಾಠ. ಅದರ ಪ್ರಕಾರ ಇಂಥ ಹರಿವಿನಲ್ಲಿ ಜಡತ್ವದ ನಷ್ಟ ಸ್ನಿಗ್ಧತೆಯ ನಷ್ಟದ ಶೇ. 2ರಿಂದ 6 ಮಾತ್ರ. ಕೋಷ್ಟಕ ಕೇಳುತ್ತಿರುವುದು ಶೇ. 20ಕ್ಕೂ ಮೇಲೆ. ಎರ್ಗುನ್ ಸಮೀಕರಣ ಒರಟು ಅಂದಾಜು ಅನ್ನೋದನ್ನು ಒಪ್ಪೋಣ, ನದಿ ಮರಳು ಗುಂಡಗಿಲ್ಲ ಅನ್ನೋದನ್ನೂ ಒಪ್ಪೋಣ. ಆದರೂ ಇಷ್ಟು ಅಂತರ ಮುಚ್ಚುವುದು ಕಷ್ಟ.

ನನ್ನ ಮಟ್ಟಿಗೆ ಜಡತ್ವವನ್ನು ಬಿಡುಗಡೆ ಮಾಡುವ ಸಾಕ್ಷಿ ಎರಡನೇ ಸರಣಿಯಲ್ಲಿದೆ. ಅಲ್ಲಿ ಮರಳಿನ ಎತ್ತರ 1.14 ಮೀಟರ್. 2.60 ಮೀಟರ್ ಒತ್ತಡಕ್ಕೆ 2.66 ಲೀಟರ್. 4.70ಕ್ಕೆ 4.28. 7.71ಕ್ಕೆ 6.26. ಮೀಟರಿಗೆ ಸಿಕ್ಕ ಲೀಟರ್ 1.02ರಿಂದ 0.91, ಅಲ್ಲಿಂದ 0.81. ಮೂರೇ ಸಾಲಿನಲ್ಲಿ ಶೇ. 20 ಕುಸಿತ! ವೇಗ ನೋಡಿ: ಸೆಕೆಂಡಿಗೆ 0.46ರಿಂದ 1.08 ಮಿಲಿಮೀಟರ್. ಮೊದಲ ಸರಣಿಯಲ್ಲಿ ಹೆಚ್ಚುಕಡಿಮೆ ಇದೇ ವೇಗದಲ್ಲಿ, 0.62ರಿಂದ 1.33ಕ್ಕೆ ಹೋದಾಗ, ಅನುಪಾತ ಒಂದಿಷ್ಟೂ ಕದಲಿರಲಿಲ್ಲ. ಎರಡನೇ ಸರಣಿಯಲ್ಲಿ ಮುಂದೆ ಏನಾಯಿತು? ಹರಿವು 8.60, 8.90, 10.40 ಲೀಟರಿಗೆ ಏರಿದಾಗ ಅನುಪಾತ 0.83, 0.83, 0.84. ಇಳಿಯುವುದು ನಿಂತೇಹೋಯಿತು, ಕೂದಲೆಳೆಯಷ್ಟು ಏರಿತು ಕೂಡ. ಜಡತ್ವ ಹೀಗೆ ನಡೆದುಕೊಳ್ಳುವುದಿಲ್ಲ. ವೇಗ ಏರಿದಷ್ಟೂ ಅದರ ಪಾಲು ಏರಲೇಬೇಕು. ನಿಧಾನದಲ್ಲಿ ಅಬ್ಬರಿಸಿ, ಜೋರಿನಲ್ಲಿ ಸುಮ್ನೆ ಕೂರುವ ಜಡತ್ವ ಎಲ್ಲೂ ಇಲ್ಲ.

ಹಾಗಾದರೆ ಯಾರು? ಈ ಎರಡೂ ಸರಣಿಗಳಲ್ಲಿ ಮರಳನ್ನು ತೊಳೆದಿರಲಿಲ್ಲ. ತೊಳೆಯದ ಮರಳಿನಲ್ಲಿ ಸಣ್ಣ ಧೂಳುಕಣ ಇರುತ್ತದೆ. ನೀರು ಹರಿದಂತೆ ಅದು ಕೆಳಗೆ ಇಳಿದು ಕುತ್ತಿಗೆಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಮೇಲಿಂದ ಒತ್ತಡ ಬಿದ್ದಂತೆ ಮರಳು ಸ್ವಲ್ಪ ಗಟ್ಟಿಯಾಗಿ ಕೂರುತ್ತದೆ. ಪ್ರಯೋಗ ಕಡಿಮೆ ಒತ್ತಡದಿಂದ ಜಾಸ್ತಿ ಒತ್ತಡಕ್ಕೆ ಸಾಗಿದ್ದರೆ, ಮರಳು ಕೂರುವುದೂ ವೇಗ ಏರುವುದೂ ಜೊತೆಜೊತೆಗೇ ಆಗಿ, ಕೋಷ್ಟಕದಲ್ಲಿ ಎರಡೂ ಒಂದೇ ಮುಖ ತೋರಿಸುತ್ತವೆ. ಮರಳು ಒಮ್ಮೆ ಕೂತ ಮೇಲೆ ಅನುಪಾತ ನಿಲ್ಲುತ್ತದೆ. ಎರಡನೇ ಸರಣಿಯ ನಡವಳಿಕೆಗೆ ಇದು ಚೆನ್ನಾಗಿ ಹೊಂದುತ್ತದೆ.

ಇನ್ನೊಬ್ಬ ಆರೋಪಿ ಹೊರಹೋಗುವ ನಲ್ಲಿ. ಅಕ್ಟೋಬರ್ ಪ್ರಯೋಗಗಳಲ್ಲಿ ಮರಳಿನ ಕೆಳಗೆ ಗಾಳಿಯ ಒತ್ತಡವಷ್ಟೇ ಇದೆ ಎಂದು ಹಿಡಿದಿದ್ದರು. ಆದರೆ ನೀರು ಕಿರಿದಾದ ಬಾಯಿಂದ ಹೊರಬೀಳುವಾಗ ಅಲ್ಲೂ ನಷ್ಟ ಇರುತ್ತದೆ. ಅದೂ ಹರಿವಿನ ವರ್ಗಕ್ಕೇ ತಕ್ಕಂತೆ. ಕೋಷ್ಟಕದಲ್ಲಿ ಇದು ಫೋರ್ಶ್‌ಹೈಮರ್ ಪದದ ಅವಳಿ ತಮ್ಮ. ಕೊಳವೆಯ ಹೊರಗಿನಿಂದ ನೋಡಿದವರಿಗೆ ವರ್ಗ ಮರಳಿನಿಂದ ಬಂತೋ ನಲ್ಲಿಯಿಂದ ಬಂತೋ ಗೊತ್ತಾಗುವುದೇ ಇಲ್ಲ. ಮೊದಲ ಸರಣಿಯಲ್ಲಿ ಹರಿವು ಜಾಸ್ತಿ ಇದ್ದದ್ದರಿಂದ ಅಲ್ಲಿ ಇದರ ಕೈವಾಡ ಇರುವ ಸಾಧ್ಯತೆ ಇದೆ. ಎರಡನೇ ಸರಣಿಯಲ್ಲಿ ಇಲ್ಲ. 6 ಲೀಟರ್ ಹರಿವಿಗೆ ಮೊದಲ ಸರಣಿಯ ಬ ಬೆಲೆ ಹಾಕಿದರೆ ಸಿಗುವುದು 10 ಸೆಂಟಿಮೀಟರಿಗೂ ಕಡಿಮೆ, ವಿವರಿಸಬೇಕಾದದ್ದು ಒಂದೂವರೆ ಮೀಟರ್ (ಮೊದಲ ಸಾಲಿನ ಅನುಪಾತವೇ ಉಳಿದಿದ್ದರೆ 6.26 ಲೀಟರಿಗೆ 6.1 ಮೀಟರ್ ಸಾಕಿತ್ತು, ಬೇಕಾದದ್ದು 7.71).

ಇದರ ಜೊತೆಗೆ ಮಾನೋಮೀಟರಿನ ಕುಣಿತ. ನೀರು ಬರುತ್ತಿದ್ದದ್ದು ಆಸ್ಪತ್ರೆಯ ಕೊಳಾಯಿ ಸಾಲಿನಿಂದ. ಯಾರೋ ಎಲ್ಲೋ ನಲ್ಲಿ ತಿರುಗಿಸಿದರೆ ಇಲ್ಲಿ ಪಾದರಸ ಏರಿಳಿಯುತ್ತಿತ್ತು. ಆ ಓಲಾಟದ ಸರಾಸರಿಯನ್ನೇ ಒತ್ತಡ ಎಂದು ಬರೆದುಕೊಳ್ಳಬೇಕಿತ್ತು.

ಈ ಪ್ರಕರಣ ನಿಜಕ್ಕೂ ಇತ್ಯರ್ಥ ಆಗುವುದು 1856ರ ಫೆಬ್ರವರಿ 17 ಮತ್ತು 18ರಂದು. ರಿಟರ್ ಎಂಬ ಎಂಜಿನಿಯರ್ ಅದೇ ಕೊಳವೆಯಲ್ಲಿ 1.10 ಮೀಟರ್ ಮರಳು ತುಂಬಿ ಹನ್ನೆರಡು ಪ್ರಯೋಗ ಮಾಡಿದ. ಈ ಸಲ ಕೆಳಗಿನ ಒತ್ತಡವನ್ನೂ ಬದಲಿಸಿದ, ಬರೆದಿಟ್ಟ. ಕೆಲವು ಸಲ ಅದು ಗಾಳಿಯ ಒತ್ತಡಕ್ಕಿಂತ ಕಡಿಮೆ ಕೂಡ ಇತ್ತು. ಮೇಲಿನದ್ದು ಕೆಳಗಿನದ್ದು ಎರಡರ ವ್ಯತ್ಯಾಸ 2.98 ಮೀಟರ್ ಇದ್ದಾಗ ಹರಿವು 4.15 ಲೀಟರ್, ಅನುಪಾತ 1.39. ವ್ಯತ್ಯಾಸ 13.08 ಮೀಟರ್ ಇದ್ದಾಗ 18.8 ಲೀಟರ್, ಅನುಪಾತ 1.44. ಮೊದಲ ಸರಣಿಯ ಬಾಗು ಜಡತ್ವದ್ದೇ ಆಗಿದ್ದರೆ ಇಲ್ಲಿ ಸುಮಾರು ಶೇ. 10 ಇಳಿಯಬೇಕಿತ್ತು. ಇಳಿಯಲಿಲ್ಲ. ಹನ್ನೆರಡೂ ಅಂಕಿಗಳು 1.37 ಮತ್ತು 1.55ರ ನಡುವೆ ಹೇಗೆಂದರೆ ಹಾಗೆ ಚೆದುರಿವೆ, ವೇಗದ ಜೊತೆ ನಂಟು ಕಾಣುವುದಿಲ್ಲ. ಜಡತ್ವ ಇಲ್ಲವೇ ಇಲ್ಲ ಎಂದಲ್ಲ. ಇದ್ದರೂ ಕೆಲವೇ ಶೇಕಡಾ, ಅಳತೆಯ ಏರುಪೇರಿನಲ್ಲಿ ಮುಳುಗಿಹೋಗಿದೆ.

ಒಂದು ತಮಾಷೆ ಇಲ್ಲಿ ಹೇಳಲೇಬೇಕು. ವರ್ಗದ ನಿಯಮ ಡಾರ್ಸಿಗೆ ಹೊಸದೇನಲ್ಲ. ನೀರಿನ ಕೊಳವೆಗಳಲ್ಲಿ ಘರ್ಷಣೆ ಅಳೆದು ಅಳೆದು ಪಳಗಿದ ಕೈ ಅದು. ಕೊಳವೆಯಲ್ಲಿ ವೇಗದ ವರ್ಗಕ್ಕೆ ತಕ್ಕಂತೆ ಒತ್ತಡ ಕಳೆಯುವ ಸೂತ್ರಕ್ಕೂ ಇವತ್ತು ವೈಸ್‌ಬಾಕ್ ಹೆಸರಿನ ಜೊತೆ ಅವನ ಹೆಸರೇ ಇದೆ. ಎರಡೂ ಕಡೆ ಸಹಿ ಹಾಕಿದವನು ಮರಳಿನ ಕೋಷ್ಟಕ ನೋಡಿ ನೇರ ಗೆರೆ ಅಂದ. ಕುರುಡಾಗಿ ಅಂದದ್ದಲ್ಲ ಅಂತ ನನ್ನ ಲೆಕ್ಕ.

ಅದೇ ಕೊಳವೆಯಲ್ಲಿ ಜಡತ್ವ ಯಾವಾಗ ಎದ್ದು ಕಾಣುತ್ತಿತ್ತು? ಮರಳು ತೆಗೆದು 10 ಮಿಲಿಮೀಟರ್ ಜಲ್ಲಿ ತುಂಬಿ, ಅದೇ 0.58 ಮೀಟರ್ ಎತ್ತರ ಅಂದುಕೊಳ್ಳಿ. ಎರ್ಗುನ್ ಸಮೀಕರಣದಲ್ಲಿ ಲೆಕ್ಕ ಹಾಕಿದರೆ, ಅದೇ 29.4 ಲೀಟರ್ ಹರಿವಿಗೆ ನಷ್ಟದ ಶೇ. 40ಕ್ಕೂ ಹೆಚ್ಚು ಪಾಲು ಜಡತ್ವದ್ದು. ಆದರೆ ಒಟ್ಟು ನಷ್ಟವೇ 7 ಮಿಲಿಮೀಟರ್ ನೀರು. ಪಾದರಸದಲ್ಲಿ ಅರ್ಧ ಮಿಲಿಮೀಟರ್. ಕಣ್ಣಿಗೆ ಬೀಳುವುದು ಕಷ್ಟ. ಒತ್ತಡವನ್ನು 1 ಮೀಟರಿಗೆ ಏರಿಸಿದರೆ ಮಾತ್ರ ಆಟ ಶುರು. ಬರೀ ಡಾರ್ಸಿ ನಿಯಮ ನಂಬಿದರೆ ವೇಗ ಸೆಕೆಂಡಿಗೆ 1.2 ಮೀಟರ್ ಮೀರಬೇಕು. ಜಡತ್ವ ಸೇರಿಸಿದರೆ ಬರುವುದು 9 ಸೆಂಟಿಮೀಟರ್. ಹದಿನಾಲ್ಕು ಪಟ್ಟು ವ್ಯತ್ಯಾಸ. ಮರಳಿನಲ್ಲಿ ಮೂಲೆಯಲ್ಲಿ ಕೂತಿದ್ದ ಪದ ಜಲ್ಲಿಯಲ್ಲಿ ಇಡೀ ಲೆಕ್ಕವನ್ನೇ ಕೈಗೆ ತೆಗೆದುಕೊಳ್ಳುತ್ತದೆ. ಕಲ್ಲು ರಾಶಿಯ ಒಡ್ಡುಗಳ ಸೋರಿಕೆಗೆ ಡಾರ್ಸಿ ಸೂತ್ರ ಹಾಕಬಾರದು ಅನ್ನುವುದು ಇದಕ್ಕೇ.

ನಮ್ಮ ಕಡೆ ಈ ಗೊಂದಲ ಎದುರಾಗುವುದು ಬೋರ್‌ವೆಲ್‌ನಲ್ಲಿ. ನೀರು ಸುತ್ತಲಿಂದ ಬೋರ್ ಕಡೆಗೆ ಬರುವಾಗ ಹಾದಿ ಕಿರಿದಾಗುತ್ತಾ ಹೋಗುತ್ತದೆ. ಪದರ ಎಲ್ಲ ಕಡೆ ಒಂದೇ ಥರ ಇದೆ ಅಂದುಕೊಂಡರೂ, ಆರೂವರೆ ಇಂಚಿನ ಬೋರ್ ಗೋಡೆಯ ಹತ್ತಿರ ವೇಗ ಹತ್ತು ಮೀಟರ್ ದೂರದಲ್ಲಿ ಇರುವುದಕ್ಕಿಂತ ಸುಮಾರು 120 ಪಟ್ಟು. ನಮ್ಮ ಗ್ರಾನೈಟ್, ನೈಸ್ ಬಂಡೆಯಲ್ಲಂತೂ ನೀರು ಬರುವುದೇ ಒಂದೆರಡು ಬಿರುಕಿನಿಂದ, ಅಲ್ಲಿ ವೇಗ ಇನ್ನೂ ಜಾಸ್ತಿ. ಜಡತ್ವಕ್ಕೆ ಹೇಳಿಮಾಡಿಸಿದ ಜಾಗ ಅಲ್ವಾ? ಅದಕ್ಕೇ ಹಂತ ಹಂತವಾಗಿ ಪಂಪ್ ಹರಿವು ಏರಿಸಿ, ನೀರಿನ ಮಟ್ಟ ಎಷ್ಟು ಕುಸಿಯಿತು ಎಂದು ನೋಡುವ ಪರೀಕ್ಷೆ ಇದೆ. 1947ರಲ್ಲಿ ಜೇಕಬ್ ಕೊಟ್ಟ ಅದರ ಸೂತ್ರ ಫೋರ್ಶ್‌ಹೈಮರನದ್ದೇ ರೂಪ: ಕುಸಿತ ಅಂದರೆ ಹರಿವಿನ ಒಂದು ಪದ, ವರ್ಗದ ಒಂದು ಪದ. ವರ್ಗದ ಪದ ದೊಡ್ಡದಾಗಿ ಬಂದರೆ ವರದಿಯಲ್ಲಿ ಬಾವಿಯ ನಷ್ಟ ಅಂತ ಬರೆಯುತ್ತಾರೆ. ಆದರೆ ಅದರೊಳಗೆ ಬಿರುಕಿನ ಜಡತ್ವ ಎಷ್ಟು, ಕೇಸಿಂಗ್ ಮತ್ತು ಪೈಪಿನ ನಷ್ಟ ಎಷ್ಟು ಅಂತ ಸೂತ್ರ ಬಿಡಿಸಿ ಹೇಳುವುದಿಲ್ಲ. ನೀರಿನ ಮಟ್ಟ ಇಳಿದು ಮೇಲಿನ ಬಿರುಕೊಂದು ಒಣಗಿದರಂತೂ ಕುಸಿತ ಇದ್ದಕ್ಕಿದ್ದಂತೆ ಏರುತ್ತದೆ. ಅದು ಜಡತ್ವವೂ ಅಲ್ಲ, ಪೈಪೂ ಅಲ್ಲ. ಕಾಗದದ ಮೇಲೆ ಮಾತ್ರ ಮೂರೂ ಒಂದೇ ಥರ ಬಾಗುತ್ತವೆ. ಮೂರನೆಯದನ್ನು ಮೊದಲನೆಯದೆಂದು ತಿಳಿದು ದೊಡ್ಡ ಮೋಟಾರ್ ಇಳಿಸಿದರೆ ನೀರಿನ ಜೊತೆ ಗಾಳಿಯೂ ಬರುತ್ತದೆ.

ದಿಜೋನ್ ಕೊಳವೆಯನ್ನು ಇವತ್ತು ಮತ್ತೆ ನಿಲ್ಲಿಸುವವರು ಎರಡು ಕೆಲಸ ಮಾಡಬೇಕು. ಒತ್ತಡವನ್ನು ಕೊಳವೆಯ ಬಾಯಿ, ತಳದಲ್ಲಿ ಅಳೆಯದೆ ಮರಳಿನ ಒಳಗೇ ಎರಡು ಎತ್ತರದಲ್ಲಿ ಅಳೆಯಬೇಕು. ಆಗ ನಲ್ಲಿಯ ನಷ್ಟ ಲೆಕ್ಕದಿಂದ ಹೊರಗೆ. ಹರಿವನ್ನು ಕಡಿಮೆಯಿಂದ ಜಾಸ್ತಿಗೆ ಏರಿಸಿದ ಮೇಲೆ, ಅದೇ ಮೆಟ್ಟಿಲುಗಳಲ್ಲಿ ಕೆಳಗೆ ಇಳಿಸಬೇಕು. ಬಾಗಿದ ಗೆರೆ ಬಂದ ದಾರಿಯಲ್ಲೇ ವಾಪಸ್ ಹೋದರೆ ಜಡತ್ವ. ಇಳಿಯುವಾಗ ಹಳೆಯ ಅನುಪಾತ ಸಿಗದೆ ಕೆಳಗೇ ಉಳಿದರೆ, ಕೂತದ್ದು ಮರಳು.